ದವಡೆಯೊಳಗಿನ ಎಳೆ ಎಲುಬು: ಸ್ಕ್ಯಾನ್ ಏನು ಹೇಳುತ್ತದೆ?



ಅಲ್ಟ್ರಾಸೌಂಡ್ ಎಂದೊಡನೆ ನೆನಪಾಗುವುದು ಬಸುರಿಯರ ಸ್ಕ್ಯಾನ್. ಅದೇ ಯಂತ್ರದಿಂದ ಮಗುವಿನ ದವಡೆಯಲ್ಲಿ ಹೊಸ ಎಲುಬು ಕೂಡಿಕೊಳ್ಳುತ್ತಿದೆಯೇ ಎಂದೂ ನೋಡಬಹುದು.

ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ಕೆಳದವಡೆ ತೀರಾ ಗಿಡ್ಡ. ನಾಲಿಗೆ ಹಿಂದಕ್ಕೆ ಜಾರಿ ಉಸಿರಿಗೇ ಅಡ್ಡವಾಗುತ್ತದೆ. ಇನ್ನು ಕೆಲವರು ಎಳವೆಯಲ್ಲಿ ಗದ್ದ ಬಡಿಯುವಂತೆ ಬಿದ್ದು, ಕಿವಿಯ ಮುಂದಿನ ಕೀಲು ಅಂಟಿಕೊಂಡು, ದವಡೆಯ ಬೆಳವಣಿಗೆ ಕುಂಠಿತವಾದವರು. (ಬಿದ್ದ ಮಗು ಆಮೇಲೆ ಬಾಯಿ ಪೂರ್ತಿ ತೆರೆಯದಿದ್ದರೆ ದಯವಿಟ್ಟು ಸುಮ್ಮನಿರಬೇಡಿ.)

ದವಡೆ ಉದ್ದ ಮಾಡುವ ಉಪಾಯ ಬಂದದ್ದು ಕಾಲಿನ ಚಿಕಿತ್ಸೆಯಿಂದ. ಕತ್ತರಿಸಿದ ಎಲುಬನ್ನು ನಿಧಾನವಾಗಿ ಎಳೆದರೆ ನಡುವೆ ಹೊಸ ಎಲುಬು ತುಂಬುತ್ತದೆ ಎಂದು ಸೈಬೀರಿಯಾದ ಕುರ್ಗಾನ್‌ನಲ್ಲಿ ಡಾ. ಇಲಿಜಾರೋವ್ ತೋರಿಸಿದ್ದರು. 1992ರಲ್ಲಿ ನ್ಯೂಯಾರ್ಕಿನ ಡಾ. ಮೆಕಾರ್ಥಿ ಮತ್ತು ಸಂಗಡಿಗರು ಅದನ್ನು ಮಕ್ಕಳ ಕೆಳದವಡೆಗೆ ಅಳವಡಿಸಿದ ವರದಿ ಪ್ರಕಟಿಸಿದರು. ಎಲುಬಿಗೆ ಡಿಸ್ಟ್ರ್ಯಾಕ್ಟರ್ ಎಂಬ ತಿರುಪಿನ ಸಾಧನ ಕೂರಿಸಿ, ಕೆಲವು ದಿನ ಬಿಟ್ಟು, ದಿನಕ್ಕೆ ಸುಮಾರು 1 ಮಿ.ಮೀ. ಹಿಗ್ಗಿಸುತ್ತಾರೆ. ಕಷ್ಟ ಇರುವುದು ಆಮೇಲಿನ ಕಾಯುವಿಕೆಯಲ್ಲಿ. ಹೊಸ ಎಲುಬು ಗಟ್ಟಿಯಾಗಲು ಸಾಮಾನ್ಯವಾಗಿ 6ರಿಂದ 8 ವಾರ, ಕೆಲವೊಮ್ಮೆ ಇನ್ನೂ ಹೆಚ್ಚು. ಸಾಧನವನ್ನು ಬೇಗ ತೆಗೆದರೆ ಗಳಿಸಿದ ಉದ್ದ ಕುಗ್ಗೀತು. ತಡವಾದರೆ ಸೋಂಕಿನ ಭಯ.

ಆ ಗಳಿಗೆ ತಿಳಿಯುವುದು ಹೇಗೆ? ಎಳೆಯ ಅಂಗಾಂಶದೊಳಗೆ ಶಬ್ದದ ಅಲೆಗಳು ನುಗ್ಗಿ ಹೋಗುತ್ತವೆ. ತೆರೆಯ ಮೇಲೆ ಎರಡು ಎಲುಬಿನ ತುದಿಗಳ ನಡುವೆ ಕಪ್ಪು ಕಂಡಿ. ಸುಣ್ಣದ ಅಂಶ ಸೇರುತ್ತಾ ಬಂದಂತೆ ಅಲ್ಲಿ ಬಿಳಿ ಚುಕ್ಕೆಗಳು ಮೂಡುತ್ತವೆ. ಕೊನೆಗೆ ಅಂಚಿನಿಂದ ಅಂಚಿಗೆ ಒಂದೇ ಬಿಳಿ ಗೆರೆ, ಅದರ ಹಿಂದೆ ನೆರಳು. ವಿಕಿರಣದ ಚಿಂತೆಯಿಲ್ಲ, ಹಾಗಾಗಿ ಮತ್ತೆ ಮತ್ತೆ ನೋಡಬಹುದು. ಮಗು ಅಮ್ಮನ ತೊಡೆಯ ಮೇಲೇ ಕೂತಿರಬಹುದು.

ಆದರೆ ಹೊರಪದರ ಗಟ್ಟಿಯಾದ ಮೇಲೆ ಅಲ್ಟ್ರಾಸೌಂಡಿಗೆ ಒಳಗಿನದು ಕಾಣದು. ಲೋಹದ ಸಾಧನವೂ ನೋಟಕ್ಕೆ ಅಡ್ಡ ಬರುತ್ತದೆ. ನೋಡುವವರ ಅನುಭವವೂ ಬೇಕು. ಎಕ್ಸ್‌ರೇಯನ್ನು ಕಡಿಮೆ ಮಾಡಬಹುದು, ಪೂರ್ತಿ ಬಿಡಲಾಗದು.

ನಮ್ಮಲ್ಲಿ ಅನೇಕರು ಇಂಥ ಚಿಕಿತ್ಸೆಗೆ ಊರಿಗೇ ಹೋಗುತ್ತಾರೆ. ದೇರಳಕಟ್ಟೆಯಲ್ಲಿ, ಧಾರವಾಡದ ಸತ್ತೂರಿನಲ್ಲಿ ಮುಖ-ದವಡೆಯ ಶಸ್ತ್ರಚಿಕಿತ್ಸಾ ವಿಭಾಗಗಳಿವೆ. ಆದರೆ ಲೆಕ್ಕ ಹಾಕಿ: ಶಾಲೆಯ ಬೇಸಿಗೆ ರಜೆ ಎರಡು ತಿಂಗಳು, ಚಿಕಿತ್ಸೆ ಅದಕ್ಕಿಂತ ಉದ್ದ. ಸಾಧನ ಬಾಯಲ್ಲಿರುವಾಗಲೇ ವಿಮಾನ ಹತ್ತಬೇಕಾದೀತು. ಟಿಕೆಟ್ ತೆಗೆಯುವ ಮೊದಲೇ, ಬಹರೈನ್‌ನಲ್ಲಿ ದವಡೆಯ ಸ್ಕ್ಯಾನ್ ಮಾಡಿ ಊರಿನ ಸರ್ಜನ್‌ಗೆ ಕಳುಹಿಸುವವರು ಯಾರು ಎಂದು ವಿಚಾರಿಸಿಕೊಳ್ಳಿ. ಮೊದಲ ಸ್ಕ್ಯಾನ್‌ನ ಪ್ರತಿ ಕೈಚೀಲದಲ್ಲೇ ಇರಲಿ. ಹೋಲಿಸಿ ನೋಡಲು ಅದು ಬೇಕು.