ಕೃಪೆಯಿಂದ ಪಶ್ಚಾತ್ತಾಪಕ್ಕೆ ನಲವತ್ತು ವರ್ಷ

‘ಅಮೇಜಿಂಗ್ ಗ್ರೇಸ್’ ಸ್ತುತಿಗೀತೆ ಕ್ರೈಸ್ತರಲ್ಲದವರಿಗೂ ಪರಿಚಿತ. ಅದನ್ನು ರಚಿಸಿದ ಇಂಗ್ಲೆಂಡಿನ ಜಾನ್ ನ್ಯೂಟನ್, ಅರ್ಹತೆ ನೋಡದೆ ಒಲಿಯುವ ದೈವಕೃಪೆಗೆ ಪಾತ್ರನಾದೊಡನೆ ಗುಲಾಮರ ವ್ಯಾಪಾರವನ್ನು ತೊರೆದನೆಂಬುದು ಜನಜನಿತ ಕಥೆ. ಇತಿಹಾಸ ಅಷ್ಟು ಅಚ್ಚುಕಟ್ಟಾಗಿಲ್ಲ.

1748ರಲ್ಲಿ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಆತ ದೇವರಿಗೆ ಮೊರೆಯಿಟ್ಟ. ಗುಲಾಮರ ಹಡಗಿಗೆ ಕಪ್ತಾನನಾದದ್ದು ಅದಾದ ಮೇಲೆ, 1750ರಲ್ಲಿ. ಕೆಳಗೆ ಸಂಕೋಲೆಯಲ್ಲಿ ಆಫ್ರಿಕನ್ನರು. ಮೇಲೆ ಕಪ್ತಾನನ ಪ್ರಾರ್ಥನೆ. ದಿನಚರಿಯಲ್ಲಿ ತನ್ನ ಆತ್ಮದ ಲೋಪಗಳನ್ನು ಹುಡುಕುತ್ತಿದ್ದವನಿಗೆ ಕಾಲಡಿಯ ಸಂಕೋಲೆ ಕಾಣಲಿಲ್ಲ. 1754ರಲ್ಲಿ ಕಡಲು ಬಿಟ್ಟದ್ದೂ ಅನಾರೋಗ್ಯದ ಕಾರಣಕ್ಕೆ.

ಆಷಾಢಭೂತಿ ಎಂದು ಷರಾ ಬರೆದು ಕಡತ ಮುಚ್ಚುವುದು ಸುಲಭ. ನಾನದಕ್ಕೆ ಸಿದ್ಧನಿಲ್ಲ. ಕಾನೂನು ಒಪ್ಪಿದ, ಸಮಾಜ ಗೌರವಿಸುವ, ಲೆಕ್ಕಪತ್ರ ಸರಿಯಿರುವ ಕಸುಬಿನಲ್ಲಿ ಪಾಪವನ್ನು ಗುರುತಿಸುವುದು ಕಠಿಣ. (ಸರ್ಕಾರಿ ಸೇವೆಯಲ್ಲಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ.) ನಮ್ಮ ಕಾಲದ ಯಾವ ಗೌರವಸ್ಥ ಕಸುಬು ಮೊಮ್ಮಕ್ಕಳಿಗೆ ಹೇಯವಾಗಿ ಕಂಡೀತೋ, ಬಲ್ಲವರಾರು?

ಪಾದ್ರಿಯಾಗಿ 24 ವರ್ಷ ಕಳೆದ ಬಳಿಕ, 1788ರಲ್ಲಿ, ನ್ಯೂಟನ್ ಗುಲಾಮ ವ್ಯಾಪಾರದ ವಿರುದ್ಧ ಕಿರುಹೊತ್ತಿಗೆ ಪ್ರಕಟಿಸಿದ. ಇತರರ ಕ್ರೌರ್ಯವನ್ನು ವಿವರಿಸುವ ಮೊದಲು, ತಾನೂ ಅದರ ಪಾಲುಗಾರನೆಂದು ಒಪ್ಪಿಕೊಂಡ. ಆ ನಿವೇದನೆ ತೀರಾ ತಡವಾಯಿತೆಂದೂ ಬರೆದ. ಗಿರಿಪ್ರಸಂಗದಲ್ಲಿ ಯೇಸು ವಿಧಿಸುವ ಕ್ರಮವೂ ಇದೇ: ಮೊದಲು ತನ್ನ ಕಣ್ಣಿನ ತೊಲೆ, ಆಮೇಲೆ ಸೋದರನ ಕಣ್ಣಿನ ರವೆ. ತೀರ್ಪು ಕೊಡಬೇಡಿ ಎಂಬ ಬೋಧನೆಯನ್ನು ಅನ್ಯಾಯ ಕಂಡೂ ಸುಮ್ಮನಿರುವ ಅಪ್ಪಣೆಯೆಂದು ತಿಳಿಯುವವರು ಈ ಎರಡನೆಯ ಭಾಗವನ್ನು ಮರೆಯುತ್ತಾರೆ.

ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರ ಮಾರ್ಚಿನಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ, ದೃಷ್ಟಿ ಮಸುಕಾಗಿದ್ದ ನ್ಯೂಟನ್ ತನ್ನ 82ನೆಯ ವಯಸ್ಸಿನಲ್ಲಿ ತೀರಿಕೊಂಡ.