ಬೆಟ್ಟ ಬೇಡ, ಏರಿ ಸಾಕು

ಪಿಂಚಣಿ ಬಂತು, ಮಂಡಿ ನೋವೂ ಬಂತು.
ಇನ್ನೆಲ್ಲಿ ಸುತ್ತಾಟ ಅಂತೀರಾ?

ಸೂಳೆಕೆರೆ ಏರಿ ಮೇಲೆ ನಡೀರಿ.
ಚನ್ನಗಿರಿ ತಾಲ್ಲೂಕು, ಶಾಂತಿಸಾಗರ ಅಂತಲೂ ಹೆಸರು.

ಕೆರೆಯ ಸುತ್ತಳತೆ ಸುಮಾರು 65 ಕಿಲೋಮೀಟರ್.
ಏರಿ? ಸಾವಿರ ಅಡಿಗೂ ಕಮ್ಮಿ!
ಬೊಗಸೇಲಿ ನೀರು ಹಿಡಿದಾಗ
ಸೋರೋ ಸಂದೀನ ಹೆಬ್ಬೆರಳಲ್ಲಿ ಮುಚ್ತೀವಲ್ಲ,
ಹಾಗೆ ಎರಡು ಗುಡ್ಡದ ನಡುವೆ ಈ ಏರಿ.
ಗಾಳಿ ಎದ್ರೆ
ಅಲೆ ಕಲ್ಲಿಗೆ ಬಡಿಯೋ ಸದ್ದು, ಚಳಕ್ ಚಳಕ್.

ಸೊಕ್ಕೆ ಕಡೆಯವರು
ಜಗಳೂರು, ದಾವಣಗೆರೆಯಲ್ಲಿ ಬಸ್ ಬದಲಿಸಿ.
ಅಜ್ಜಿಗೆ ಶಕ್ತಿ ಯೋಜನೆ, ಟಿಕೆಟ್ ಸೊನ್ನೆ.
60 ದಾಟಿದ ಅಜ್ಜನಿಗೆ ಕೆಎಸ್‌ಆರ್‌ಟಿಸಿಯಲ್ಲಿ
ಶೇಕಡಾ 25 ರಿಯಾಯಿತಿ. ಪಾಪ, ಅಜ್ಜ!

ಬರೋವಾಗ ಸಂತೇಬೆನ್ನೂರಲ್ಲಿ ಇಳೀರಿ.
ಪುಷ್ಕರಣಿ, ನೀರಿನ ನಡುವೆ ಮಂಟಪ.
ಮೆಟ್ಟಿಲು ಇಳಿಯೋದೂ ಬೇಡ,
ದಡದಿಂದಲೇ ಕಾಣುತ್ತೆ.

ಬಸ್ಸಿಗೆ ಆಧಾರ್ ಕಾರ್ಡ್ ಮಾತ್ರ ಮರೀಬೇಡಿ.