ಬಳ್ಳಿಜರಿ: ತವರಿನಲ್ಲಿ ಸಾಧು, ಪರನಾಡಿನಲ್ಲಿ ಕಳೆ

ಸಸ್ಯವೊಂದು ಹುಟ್ಟಿನಿಂದಲೇ ಕಳೆಯೇ, ಅಥವಾ ನೆಲೆ ಬದಲಾದುದರಿಂದ ಕಳೆಯಾಗುವುದೇ? ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯ ಸೀಮೆಯಲ್ಲಿ ಈ ಪ್ರಶ್ನೆಗೆ ನಿದರ್ಶನವನ್ನು ಬಹುದೂರ ಅರಸಬೇಕಾಗಿಲ್ಲ. ಬಳ್ಳಾರಿ ಜಾಲಿಯು ಹೆಸರಿನಿಂದ ಮಾತ್ರ ಬಳ್ಳಾರಿಯದು. ಅದರ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಸೌದೆಗೆಂದು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ದಕ್ಷಿಣ ಭಾರತಕ್ಕೆ ಬಂದ ಆ ಮರವು ಬಡವರ ಒಲೆಗೆ ಒದಗಿತು, ನಿಜ. ಆದರೆ ಬೀಳುಭೂಮಿಯನ್ನೂ ಹಳ್ಳದ ದಂಡೆಗಳನ್ನೂ ಆಕ್ರಮಿಸಿತು.

ಇದಕ್ಕೆ ವಿಲೋಮವಾದ ಉದಾಹರಣೆಯೇ ಬಳ್ಳಿಜರಿ. ಲೈಗೋಡಿಯಮ್ ಕುಲದ ಈ ಜರೀಗಿಡಗಳು ಪಶ್ಚಿಮಘಟ್ಟದ ಕಾಡಂಚುಗಳಲ್ಲಿ ಪೊದೆಗಳನ್ನು ತಬ್ಬಿಕೊಂಡು ಬೆಳೆಯುತ್ತವೆ. ಇವುಗಳಲ್ಲಿ ಬಳ್ಳಿಯಂತೆ ತೋರುವುದು ಕಾಂಡವಲ್ಲ, ಎಲೆಯ ನಡುದಂಟು. ನಿಜವಾದ ಕಾಂಡವು ನೆಲದೊಳಗಿರುತ್ತದೆ. ಎಲೆಯ ತುದಿಯು ಬೆಳೆಯುತ್ತಲೇ ಇರುವುದರಿಂದ ಒಂದೇ ಎಲೆಯು 30 ಮೀಟರುಗಳವರೆಗೂ ಏರಬಲ್ಲದು.

ಈ ಕುಲದ ಲೈಗೋಡಿಯಮ್ ಮೈಕ್ರೊಫಿಲಮ್ ಎಂಬ ಪ್ರಭೇದವು ಆಫ್ರಿಕ, ಏಷ್ಯ ಮತ್ತು ಆಸ್ಟ್ರೇಲಿಯಗಳ ಉಷ್ಣವಲಯಕ್ಕೆ ಸೇರಿದುದು. ಅಮೆರಿಕದ ಫ್ಲಾರಿಡದಲ್ಲಿ 1958 ರಲ್ಲಿ ಅದು ಅಲಂಕಾರದ ಸಸ್ಯವಾಗಿತ್ತು. 1965 ರ ವೇಳೆಗೆ ಕಾಡಿನಲ್ಲಿ ಕಂಡುಬಂದಿತು. ಅದರ ಬೀಜಾಣುಗಳು ಗಾಳಿಯಲ್ಲಿ ದೂರ ಸಾಗುತ್ತವೆ. ಒಂದೇ ಬೀಜಾಣುವಿನಿಂದ ಬೆಳೆದ ಸಸ್ಯವು ತನ್ನಲ್ಲಿಯೇ ಗರ್ಭಧರಿಸಬಲ್ಲುದಾದುದರಿಂದ, ಹೊಸ ನೆಲೆಯನ್ನು ಹೂಡಲು ಒಂದು ಬೀಜಾಣುವೇ ಸಾಕು. ಎವರ್‌ಗ್ಲೇಡ್ಸ್ ಜೌಗುನೆಲದ ಮರಗಳ ಮೇಲೆ ಅದು ದಟ್ಟವಾದ ಹೊದಿಕೆಯಾಗಿ ಹರಡಿ ಕೆಳಗಿನ ಗಿಡಗಳಿಗೆ ಬೆಳಕನ್ನು ತಪ್ಪಿಸಿತು. ಕಾಳ್ಗಿಚ್ಚು ತಗುಲಿದಾಗಲಂತೂ ಒಣಗಿದ ಎಲೆಗಳೇ ಏಣಿಯಾಗಿ, ನೆಲದ ಬೆಂಕಿಯನ್ನು ಮರದ ನೆತ್ತಿಗೆ ಒಯ್ಯುತ್ತವೆ.

ತವರಿನಲ್ಲಿ ಸಾಧುವಾಗಿದ್ದ ಸಸ್ಯಕ್ಕೆ ಈ ಉಗ್ರತೆ ಎಲ್ಲಿಂದ ಬಂದಿತು? ಅದರ ಸ್ವಭಾವವೇನೂ ಬದಲಾಗಲಿಲ್ಲ. ಅದನ್ನು ತಿಂದು ಮಿತಿಯಲ್ಲಿಡುತ್ತಿದ್ದ ಜೀವಿಗಳು ಜೊತೆಯಲ್ಲಿ ಹೋಗದಿದ್ದುದೇ ಮುಖ್ಯ ಕಾರಣಗಳಲ್ಲೊಂದು. ಆದ್ದರಿಂದಲೇ ವಿಜ್ಞಾನಿಗಳು ಅದರ ತವರುನೆಲೆಗಳಿಂದ ಒಂದು ಪತಂಗವನ್ನೂ ಒಂದು ನುಸಿಯನ್ನೂ ಆರಿಸಿ, ಅವು ಇತರ ಸಸ್ಯಗಳಿಗೆ ಹಾನಿಮಾಡವೆಂದು ಪರೀಕ್ಷಿಸಿ, 2008 ರಲ್ಲಿ ಫ್ಲಾರಿಡದಲ್ಲಿ ಬಿಡಲಾರಂಭಿಸಿದರು. ಪತಂಗವು ನೆಲೆಗೊಂಡಿತು, ಆದರೂ ಬಳ್ಳಿಜರಿಯು ನಿರ್ಮೂಲವಾಗಿಲ್ಲ. ಕತ್ತರಿಸುವುದು, ಕಳೆನಾಶಕವನ್ನು ಸಿಂಪಡಿಸುವುದು ಇಂದಿಗೂ ತಪ್ಪಿಲ್ಲ.

ತೇವವನ್ನು ಬಯಸುವ ಈ ಜರಿಯು ಸಿರಿಗೇರಿಯ ಬಯಲಿಗೆ ಬಂದೀತೆಂಬ ಭಯವಿಲ್ಲ. ಆದರೆ ಅದು ಕಲಿಸುವ ಪಾಠವು ಈ ಬಯಲಿಗೂ ಸಲ್ಲುತ್ತದೆ. ಹೊರಗಿನ ಸಸ್ಯವನ್ನು ತರುವಾಗ ಅದರಿಂದ ಬರುವ ಲಾಭವನ್ನಷ್ಟೇ ಎಣಿಸಿದರೆ ಸಾಲದು. ತವರಿನಲ್ಲಿ ಅದನ್ನು ಹಿಡಿದಿಟ್ಟಿರುವುದು ಯಾವುದೆಂಬುದನ್ನು ನಾವು ಮೊದಲೇ ವಿಚಾರಿಸಬೇಕು. ತಂದ ಮೇಲೆ ವಿಚಾರಿಸಿದರೆ ಆಗುವುದೇನೆಂಬುದಕ್ಕೆ ನಮ್ಮ ಜಾಲಿಯೇ ಸಾಕ್ಷಿ.